ರಿಪೋರ್ಟೆಲ್ಲ ನಾರ್ಮಲ್, ಹಾಗಾದರೆ ಎದೆ ಹೊಡೆದುಕೊಂಡದ್ದು ಸುಳ್ಳೇ?

ತುಂಗಾತೀರ · ಜನವರಿ 11, ರಾತ್ರಿ 11:50

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು, ವಯಸ್ಸು 43, ಸಹಕಾರ ಸಂಘವೊಂದರಲ್ಲಿ ಕೆಲಸ. ಬೀಡಿ, ಕುಡಿತ ಇಲ್ಲ. ಎಲೆಅಡಿಕೆ ಇದೆ, ದಿನಕ್ಕೆ ಐದು ಲೋಟ ಕಾಫಿಯೂ ಇದೆ, ಸುಳ್ಳು ಹೇಳುವುದಿಲ್ಲ.

ಚೌತಿ ಕಳೆದ ಮಾರನೆಯ ವಾರ ಮಗಳನ್ನು ನೋಡಲು ಉಡುಪಿಗೆ ಹೊರಟಿದ್ದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಐದೋ ಆರೋ ಇಳಿದಿರಬೇಕು, ಎದುರಿಗೆ ಬಂದ ವ್ಯಾನಿಗೆ ದಾರಿ ಬಿಡಲು ಮಿನಿ ಬಸ್ಸು ನಿಂತಿತು. ಹೊರಗೆ ಮಂಜು, ಒಳಗೆ ಗಾಜೆಲ್ಲ ಮುಚ್ಚಿತ್ತು. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬಾಯಿ ಆರಿತು. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು. ಉಸಿರು ಎಷ್ಟು ಎಳೆದುಕೊಂಡರೂ ಸಾಲದು. ಇಲ್ಲಿಗೆ ಮುಗಿಯಿತು, ಈ ಕಾಡಿನ ನಡುವೆ ಆಸ್ಪತ್ರೆಯೂ ಇಲ್ಲ ಎಂದುಕೊಂಡೆ. ಪಕ್ಕದಲ್ಲಿದ್ದ ಹಿರಿಯರು "ಗ್ಯಾಸು" ಎಂದು ಶುಂಠಿ ಪೆಪ್ಪರಮೆಂಟು ಕೊಟ್ಟರು. ಸೋಮೇಶ್ವರದಲ್ಲಿ ಇಳಿದು ಆಟೋ ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಇಳಿದು ಹೋಗಿತ್ತು. ನರ್ಸ್ ಎದುರಿಗೆ ನಾಚಿಕೆಯಾಯಿತು.

ಆಮೇಲೆ ಇಸಿಜಿ ಮೂರು ಸಲ, ಟ್ರೋಪೋನಿನ್, ಎಕೋ, ಟ್ರೆಡ್‌ಮಿಲ್, ಥೈರಾಯ್ಡ್, ಹಿಮೋಗ್ಲೋಬಿನ್. ಎಲ್ಲ ನಾರ್ಮಲ್. ಡಾಕ್ಟರು ಫೈಲು ಮುಚ್ಚಿ "ನಿಮಗೇನೂ ಇಲ್ಲ, ಟೆನ್ಷನ್ ಮಾಡಿಕೊಳ್ಳಬೇಡಿ, ಬೇಕಿದ್ದರೆ ಕೌನ್ಸೆಲಿಂಗ್‌ಗೆ ಹೋಗಿ" ಎಂದರು. ಅತ್ತೆಯವರು ತಾಯತ ಕಟ್ಟಿಸಿದರು. ಇಲ್ಲಿಯವರೆಗೆ ಇನ್ನೂ ಆರು ಸಲ ಆಗಿದೆ. ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ, ಒಮ್ಮೆ ಕಚೇರಿಯ ಕ್ಯಾಷ್ ಕೌಂಟರಿನಲ್ಲಿ. ಈಗ ಬಸ್ಸು ಹತ್ತುವುದನ್ನೇ ಬಿಟ್ಟಿದ್ದೇನೆ. ಮಗಳನ್ನು ನೋಡಲು ಹೋಗಿ ನಾಲ್ಕು ತಿಂಗಳಾಯಿತು.

ನನ್ನ ಪ್ರಶ್ನೆ ಎರಡು. ಏನೂ ಇಲ್ಲದಿದ್ದರೆ ಆ ದಿನ ಆದದ್ದು ಏನು? ಯಾರ ಹತ್ತಿರವೋ ಕೂತು ಮಾತಾಡಿದರೆ ಎದೆಬಡಿತ ಹೇಗೆ ಇಳಿಯುತ್ತದೆ?

ಬೆಣ್ಣೆನಗರಿ · ಜನವರಿ 12, ಬೆಳಿಗ್ಗೆ 6:15

ಹೆದರಿಕೆ ಅಷ್ಟೇ ಸ್ವಾಮಿ. ಹಗ್ಗವನ್ನು ಹಾವೆಂದು ತಿಳಿದಿದ್ದೀರಿ. ಹಗ್ಗ ಎಂದು ಗೊತ್ತಾದ ಮೇಲೆ ಹೆದರುವುದೇಕೆ? ರಿಪೋರ್ಟು ಚೆನ್ನಾಗಿದೆಯಲ್ಲ, ದೇವರಿಗೆ ಕೈ ಮುಗಿದು ಕೆಲಸ ನೋಡಿಕೊಳ್ಳಿ. ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡಿ. ಗಂಟೆಗೆ ಒಂದೂವರೆ ಸಾವಿರ ಕೊಟ್ಟು ಮಾತಾಡುವುದಕ್ಕಿಂತ ನಮ್ಮ ಊರಿಗೆ ಬನ್ನಿ, ಬೆಣ್ಣೆದೋಸೆ ತಿನ್ನಿಸಿ ಪುಕ್ಕಟೆ ಮಾತಾಡುತ್ತೇನೆ.

ಹಳೇ ಮೇಷ್ಟ್ರು · ಜನವರಿ 12, ಬೆಳಿಗ್ಗೆ 9:40

ತುಂಗಾತೀರ ಅವರೇ, ನಾನು ಮೂವತ್ತು ವರ್ಷ ಶರೀರಕ್ರಿಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. "ಏನೂ ಇಲ್ಲ" ಎಂಬ ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಡಾಕ್ಟರು ಹೇಳಬೇಕಿದ್ದದ್ದು "ಹೃದಯದಲ್ಲಿ ದೋಷವಿಲ್ಲ" ಎಂದು. ದೋಷವಿಲ್ಲದ ಹೃದಯಕ್ಕೆ "ಓಡು" ಎಂಬ ಆಜ್ಞೆ ಬಂದರೆ ಅದು ಓಡುತ್ತದೆ. ಅಂದು ಆದದ್ದು ಅಷ್ಟೇ. ನೀವು ಕೂತಿದ್ದಿರಿ, ನಿಮ್ಮ ಹೃದಯ ಓಡಿತು.

ಆಜ್ಞೆ ಹೊರಡುವುದು ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು ಬಾದಾಮಿ ಬೀಜದಂತಿರುವ ಅಮಿಗ್ಡಲಾ ಎಂಬ ಭಾಗದಿಂದ. ಅದು ಹೆಚ್ಚು ವಿಚಾರಿಸುವ ಜಾತಿಯದಲ್ಲ. ಸುಳಿವು ಸಿಕ್ಕಿದರೆ ಸಾಕು, ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ, ಮೈಯನ್ನು ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳ ದಾರಿಯಲ್ಲಿ, ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ. ಒಂದೊಂದು ಗ್ರಂಥಿ ನಾಲ್ಕೈದು ಗ್ರಾಂ ತೂಗುತ್ತದೆ. ಅಷ್ಟರಿಂದ ಹೊರಟ ಅಡ್ರಿನಲಿನ್ ಸೆಕೆಂಡುಗಳಲ್ಲಿ ಇಡೀ ಮೈಯನ್ನು ಎಬ್ಬಿಸಿ ನಿಲ್ಲಿಸುತ್ತದೆ.

ಈಗ ನಿಮ್ಮ ಲಕ್ಷಣಗಳನ್ನೇ ತೆಗೆದುಕೊಳ್ಳಿ. ಓಡಲು ಕಾಲಿನ ಸ್ನಾಯುಗಳಿಗೆ ರಕ್ತ ಬೇಕು, ಅದಕ್ಕೆ ಎದೆಬಡಿತ. ಮೈ ಕಾವೇರುತ್ತದೆ, ಅದಕ್ಕೆ ಬೆವರು. ಹುಲಿ ಅಟ್ಟಿಸಿಕೊಂಡು ಬರುವಾಗ ಜೀರ್ಣಕ್ರಿಯೆ ಯಾರಿಗೆ ಬೇಕು? ಅದಕ್ಕೆ ಹೊಟ್ಟೆಯಲ್ಲಿ ಕಲಸಿದಂತಾಗುವುದು, ಬಾಯಿ ಆರುವುದು. ಜುಮುಜುಮು ಎಂದಿರಲ್ಲ, ಅದು ಸ್ವಾರಸ್ಯದ ವಿಷಯ. ಉಸಿರು ಸಾಲದು ಎಂದು ನೀವು ಬೇಗ ಬೇಗ ಎಳೆದುಕೊಂಡಿರಿ. ನಿಜದಲ್ಲಿ ಉಸಿರು ಹೆಚ್ಚಾಯಿತು. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಕೆಳಗಿಳಿದರೆ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರಾಗುತ್ತದೆ. ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಅಂಶವೂ ತಗ್ಗಿ ತುಟಿ, ಬೆರಳು ಜುಮ್ಮೆನ್ನುತ್ತವೆ. ಪಾರ್ಶ್ವವಾಯುವೂ ಅಲ್ಲ, ಗ್ಯಾಸೂ ಅಲ್ಲ.

ಬಾಯಿ ಆರುವ ವಿಷಯ ಬಂದದ್ದರಿಂದ ಒಂದು ಅಡ್ಡಮಾತು. ನಮ್ಮ ಧರ್ಮಶಾಸ್ತ್ರಗಳಲ್ಲಿ ತಂಡುಲ ದಿವ್ಯ ಎಂಬ ಪರೀಕ್ಷೆಯಿದೆ. ಕಳವಿನ ಆರೋಪ ಹೊತ್ತವನಿಗೆ ಅಕ್ಕಿ ಜಗಿಸಿ ಉಗುಳಿಸುವುದು. ಉಗುಳಿನಲ್ಲಿ ರಕ್ತ ಕಂಡರೆ, ಮೈ ನಡುಗಿದರೆ ತಪ್ಪಿತಸ್ಥ. ಜೊಲ್ಲಿಲ್ಲದ ಬಾಯಲ್ಲಿ ಒಣ ಅಕ್ಕಿ ಜಗಿದರೆ ಒಸಡು ತರಚದೆ ಇರುತ್ತದೆಯೇ? ಕದ್ದವನ ಬಾಯಿ ಆರುತ್ತದೆ ನಿಜ. ಕದಿಯದೆ ಹೆದರಿದವನ ಬಾಯಿಯೂ ಅಷ್ಟೇ ಆರುತ್ತದೆ. ಎಷ್ಟು ನಿರಪರಾಧಿಗಳು ಈ ಜೊಲ್ಲಿನ ದೆಸೆಯಿಂದ ಹಾಳಾದರೋ.

ಕೆರಳಿದಾಗ, ಹೆದರಿದಾಗ ಜೀರ್ಣಕ್ರಿಯೆ ನಿಲ್ಲುವುದನ್ನು ಪ್ರಯೋಗಶಾಲೆಯಲ್ಲಿ ಮೊದಲು ಸರಿಯಾಗಿ ಗಮನಿಸಿದವರಲ್ಲಿ ಒಬ್ಬರು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್. ಎಕ್ಸ್-ರೇ ಆಗಷ್ಟೇ ಬಂದಿದ್ದ ಕಾಲ. ಬೆಕ್ಕಿಗೆ, ಎಕ್ಸ್-ರೇಯಲ್ಲಿ ಕಾಣುವಂತೆ ಬಿಸ್ಮತ್ ಎಂಬ ಲೋಹದ ಪುಡಿ ಬೆರೆಸಿದ ಆಹಾರ ತಿನ್ನಿಸಿ ಹೊಟ್ಟೆಯ ಚಲನೆ ನೋಡುತ್ತಿದ್ದಾಗ, ಬೆಕ್ಕು ಕೆರಳಿದ ಕೂಡಲೇ ಹೊಟ್ಟೆ ಅಲ್ಲಾಡುವುದನ್ನೇ ನಿಲ್ಲಿಸುವುದು ಅವರ ಕಣ್ಣಿಗೆ ಬಿತ್ತು. ಕಾದು ನಿಲ್ಲು, ಇಲ್ಲವೇ ಓಡಿಹೋಗು ಎಂದು ದೇಹ ಸಜ್ಜಾಗುವ ಈ ಸ್ಥಿತಿಯನ್ನು 1915ರ ಹೊತ್ತಿಗೆ ಅವರು ವಿವರಿಸಿದರು. 1936ರಲ್ಲಿ ಮಾಂಟ್ರಿಯಲ್‌ನಲ್ಲಿ ಹಾನ್ಸ್ ಸೆಲ್ಯೆ ಇಲಿಗಳ ಮೇಲೆ ತೋರಿಸಿದ್ದು ಇದರ ಮುಂದಿನ ಅಧ್ಯಾಯ: ಈ ಸಜ್ಜು ದಿನಗಟ್ಟಲೆ ಇಳಿಯದಿದ್ದರೆ ಅಡ್ರಿನಲ್ ಊದುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಅದೇ ಅಡ್ರಿನಲ್ ಗ್ರಂಥಿಯ ಇನ್ನೊಂದು ಹಾರ್ಮೋನು ಕಾರ್ಟಿಸಾಲ್ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ವಾಟ್ಸ್ಯಾಪ್‌ನಲ್ಲಿ "ಕಾರ್ಟಿಸಾಲ್ ಕರಗಿಸುವ ಕಷಾಯ" ಓಡಾಡುತ್ತಿದೆ. ಅಡ್ರಿನಲಿನ್ ಆಯಸ್ಸು ರಕ್ತದಲ್ಲಿ ಕೆಲವೇ ನಿಮಿಷ. ಕಾರ್ಟಿಸಾಲ್ ನಿಧಾನದ್ದು, ಇಪ್ಪತ್ತು ಮೂವತ್ತು ನಿಮಿಷಕ್ಕೆ ತುದಿ ಮುಟ್ಟುತ್ತದೆ. ರಕ್ತಕ್ಕೆ ಸಕ್ಕರೆ ಒದಗಿಸುವುದು ಅದರ ಕೆಲಸ. ಸಾಕಷ್ಟು ಏರಿದಾಗ ಮಿದುಳಿಗೆ ಹೋಗಿ "ಇನ್ನು ಸಾಕು" ಎಂದು ಹೇಳುವುದೂ ಅದೇ. ದಿನವೂ ಬೆಳಿಗ್ಗೆ ನಾವು ಎದ್ದ ಅರ್ಧ ಗಂಟೆಯೊಳಗೆ ಅದು ಏರುತ್ತದೆ, ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ಅದು ಇಲ್ಲದಿದ್ದರೆ ಹಾಸಿಗೆಯಿಂದ ಏಳಲಾರಿರಿ. ಕರಗಿಸಬೇಡಿ.

ರಾತ್ರಿಪಾಳಿ · ಜನವರಿ 12, ಮಧ್ಯಾಹ್ನ 2:05

ತುಂಗಾತೀರ ಅಣ್ಣ, ನರ್ಸ್ ಎದುರಿಗೆ ನಾಚಿಕೆಯಾಯಿತು ಎಂದಿರಿ. ನಾನು ತುರ್ತು ಚಿಕಿತ್ಸಾ ವಿಭಾಗದ ನರ್ಸ್. ನಾಚಿಕೆಪಡಬೇಡಿ. ನಿಮ್ಮಂತೆ ಎದೆ ಹಿಡಿದುಕೊಂಡು ಬರುವವರು ನಮಗೆ ಹೊಸಬರಲ್ಲ. ಮೊದಲ ಸಲ ಎದೆನೋವು, ಉಸಿರುಗಟ್ಟು ಬಂದಾಗ ಆಸ್ಪತ್ರೆಗೆ ಬರಲೇಬೇಕು. "ಪ್ಯಾನಿಕ್, ಅಂದರೆ ಹಠಾತ್ ಗಾಬರಿಯ ದಾಳಿ ಇರಬೇಕು" ಎಂದು ಮನೆಯಲ್ಲೇ ತೀರ್ಮಾನ ಮಾಡುವುದು ತಪ್ಪು. ನೀವು ಸರಿಯಾದದ್ದನ್ನೇ ಮಾಡಿದಿರಿ. ಏಳನೆಯ ಇಸಿಜಿಗೆ ಬಂದರೆ ಮಾತ್ರ ನಾನೇ ಗದರಿಸುತ್ತೇನೆ.

ನನ್ನದೂ ಒಂದು ಇದೆ. 2021ರ ಮೇ ತಿಂಗಳಲ್ಲಿ ಕೋವಿಡ್ ವಾರ್ಡಿನಲ್ಲಿದ್ದೆ. ಆಕ್ಸಿಜನ್ ಮಟ್ಟ ಇಳಿದರೆ ಮಾನಿಟರ್ ಕೂಗುತ್ತದೆ. ಮೂರು ಸಣ್ಣ ಕೂಗು, ಒಂದು ಬಿಡುವು, ಮತ್ತೆ ಮೂರು. ಆ ತಿಂಗಳು ಮುಗಿದು ಒಂದು ವರ್ಷವಾದ ಮೇಲೆ ಮನೆಗೆ ಹೊಸ ಫ್ರಿಜ್ ತಂದೆವು. ಬಾಗಿಲು ತೆರೆದಿಟ್ಟರೆ ಅದೂ ಕೂಗುತ್ತದೆ. ಮೊದಲ ದಿನ ಮಗ ನೀರಿನ ಬಾಟಲಿ ತೆಗೆಯುತ್ತ ನಿಂತಿದ್ದ. ಅದು ಕೂಗಿತು. ನಾನು ಕೈಯಲ್ಲಿದ್ದ ಸಾರಿನ ಪಾತ್ರೆ ಬಿಟ್ಟು ಓಡಿದೆ. ಎಲ್ಲಿಗೆ ಓಡುತ್ತಿದ್ದೇನೆಂದು ಹಜಾರ ಮುಟ್ಟುವವರೆಗೆ ನನಗೇ ಗೊತ್ತಿರಲಿಲ್ಲ. ಕಾಲ ಮೇಲೆ ಬಿಸಿ ಸಾರು ಬಿದ್ದಿದೆ, ಉರಿ ತಿಳಿದದ್ದು ಆಮೇಲೆ.

ಬೆಣ್ಣೆನಗರಿ ಅವರೇ, ಅದು ಫ್ರಿಜ್ ಎಂದು ನನಗೆ ಗೊತ್ತಿರಲಿಲ್ಲವೇ? ದುಡ್ಡು ಕೊಟ್ಟು ತಂದವಳೇ ನಾನು. ಹಗ್ಗ ಎಂದು ಚೆನ್ನಾಗಿ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಎಂಟು ತಿಂಗಳು ಮನಶ್ಶಾಸ್ತ್ರಜ್ಞರ ಹತ್ತಿರ ಹೋದೆ. ಅದೇ ಫ್ರಿಜ್ ಈಗಲೂ ಇದೆ.

ಬೆಣ್ಣೆನಗರಿ · ಜನವರಿ 12, ಮಧ್ಯಾಹ್ನ 2:30

ಮೇಡಂ, ನಿಮ್ಮ ವಿಷಯ ಬೇರೆ. ನೀವು ಕಣ್ಣಾರೆ ಸಾವು ನೋಡಿದವರು. ಇವರು ನೋಡಿದ್ದು ಘಾಟಿಯ ಮಂಜು.

ಮಾತುಮನೆ · ಜನವರಿ 12, ರಾತ್ರಿ 9:20

ಹುಬ್ಬಳ್ಳಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೇನೆ. ಇಲ್ಲಿ ಕೂತು ಯಾರಿಗೂ ರೋಗನಿರ್ಣಯ ಮಾಡುವುದಿಲ್ಲ. ತುಂಗಾತೀರ ಅವರ ಎರಡನೆಯ ಪ್ರಶ್ನೆಗೆ, ನನ್ನ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬಷ್ಟನ್ನು ಹೇಳುತ್ತೇನೆ.

ಮೇಷ್ಟ್ರು ಹೇಳಿದ್ದು ಅರ್ಧ ಕಥೆ. ಅಡ್ರಿನಲಿನ್ ಕೆಲವು ನಿಮಿಷದ್ದಾದರೆ ಕೆಲವು ನಿಮಿಷಕ್ಕೆ ಎಲ್ಲ ಮುಗಿಯಬೇಕಿತ್ತಲ್ಲ? ಮುಗಿಯುವುದಿಲ್ಲ, ಏಕೆಂದರೆ ನಡುವೆ ನಾವು ಬಾಯಿ ಹಾಕುತ್ತೇವೆ. ಎದೆ ಹೊಡೆದುಕೊಂಡಿತು, ಬಹುಶಃ ಕಾಫಿ, ಖಾಲಿ ಹೊಟ್ಟೆ, ತಿರುವು, ಮುಚ್ಚಿದ ಗಾಜು, ಏನೋ ಒಂದು. "ಹಾರ್ಟ್ ಅಟ್ಯಾಕ್" ಎಂದುಕೊಂಡಿರಿ. ಆ ಯೋಚನೆಯೇ ಹೊಸ ಅಪಾಯವಾಗಿ ಅಮಿಗ್ಡಲಾಗೆ ಮುಟ್ಟಿತು, ಇನ್ನಷ್ಟು ಅಡ್ರಿನಲಿನ್ ಬಂತು, ಎದೆ ಇನ್ನಷ್ಟು ಹೊಡೆದುಕೊಂಡಿತು, ಯೋಚನೆ ಖಚಿತವಾಯಿತು. ಗಾಣದೆತ್ತು ತಿರುಗಿದಂತೆ ಇದು ತಿರುಗುತ್ತದೆ. 1986ರಲ್ಲಿ ಆಕ್ಸ್‌ಫರ್ಡ್‌ನ ಡೇವಿಡ್ ಕ್ಲಾರ್ಕ್ ಈ ಸುತ್ತನ್ನು ಸ್ಪಷ್ಟವಾಗಿ ಬಿಡಿಸಿಟ್ಟರು. ಅದರ ಹಿಂದೆ 1960ರ ದಶಕದಲ್ಲಿ ಫಿಲಡೆಲ್ಫಿಯಾದ ಏರನ್ ಬೆಕ್ ಕಟ್ಟಿದ, ಯೋಚನೆಯ ರೀತಿಯನ್ನು ಪರೀಕ್ಷಿಸಿ ತಿದ್ದುವ ಕಾಗ್ನಿಟಿವ್ ಚಿಕಿತ್ಸೆಯಿದೆ.

ಬೆಣ್ಣೆನಗರಿ ಅವರ ಹಗ್ಗ–ಹಾವಿನ ಮಾತು ಒಳ್ಳೆಯದೇ. ನನಗೆ ಹೊಲದ ಬೆರ್ಚಪ್ಪ ಹೆಚ್ಚು ಉಪಯೋಗಕ್ಕೆ ಬರುತ್ತಾನೆ. ಬೆರ್ಚಪ್ಪನನ್ನು ಕಂಡು ದೂರದಿಂದಲೇ ಹಾರಿಹೋದ ಗುಬ್ಬಿಗೆ ಅವನು ಹುಲ್ಲಿನ ಬೊಂಬೆ ಎಂದು ಎಂದೂ ತಿಳಿಯುವುದಿಲ್ಲ. "ಹಾರಿದೆ, ಅದಕ್ಕೆ ಬದುಕಿದೆ" ಎಂದೇ ಅದರ ಲೆಕ್ಕ. ಅವನ ಹೆಗಲ ಮೇಲೆ ಕೂತ ಕಾಗೆಗೆ ಮಾತ್ರ ಗೊತ್ತು. ನಾನು ಗುಬ್ಬಿಗೆ ಎಷ್ಟೇ ಉಪನ್ಯಾಸ ಕೊಟ್ಟರೂ ಪ್ರಯೋಜನವಿಲ್ಲ, ಅದು ಒಂದೊಂದೇ ಗೇಣು ಹತ್ತಿರ ಬಂದು ಕೂರಬೇಕು. ಹಾಗಾಗಿ ಈ ಚಿಕಿತ್ಸೆಯಲ್ಲಿ ಮಾತಿಗಿಂತ ಅಭ್ಯಾಸವೇ ಜಾಸ್ತಿ.

ಒಂದು ಉದಾಹರಣೆ. ಕೆಲವು ಭೇಟಿಗಳಾದ ಮೇಲೆ ಮೇಜಿನ ಡ್ರಾಯರ್‌ನಿಂದ ಎಳನೀರು ಕುಡಿಯುವ ಸ್ಟ್ರಾ ತೆಗೆಯುತ್ತೇನೆ. ಮೂಗು ಮುಚ್ಚಿಕೊಂಡು ಒಂದು ನಿಮಿಷ ಅದರಲ್ಲೇ ಉಸಿರಾಡಬೇಕು. ಇಪ್ಪತ್ತು ಸೆಕೆಂಡಿಗೆ ಹಣೆ ಬೆವರುತ್ತದೆ. ಇನ್ನೊಬ್ಬರಿಗೆ ತಿರುಗುವ ಕುರ್ಚಿಯಲ್ಲಿ ಸುತ್ತಿಸುತ್ತೇನೆ, ಮತ್ತೊಬ್ಬರನ್ನು ಮೂರು ಮಹಡಿ ಓಡಿ ಹತ್ತಿಸುತ್ತೇನೆ. ಬಸ್ಸಿನಲ್ಲಿ ಬಂದ ಅದೇ ಎದೆಬಡಿತ, ಅದೇ ತಲೆಸುತ್ತು, ಈ ಸಲ ನಾವೇ ಕರೆಸಿದ್ದು. ಬರುತ್ತದೆ, ಇರುತ್ತದೆ, ಹೋಗುತ್ತದೆ. ಯಾರೂ ಸಾಯುವುದಿಲ್ಲ. ಹೃದಯ, ಶ್ವಾಸಕೋಶದ ತೊಂದರೆ, ಮೂರ್ಛೆರೋಗ, ಗರ್ಭಿಣಿ, ಇವೆಲ್ಲ ವಿಚಾರಿಸಿಕೊಂಡೇ ಇದನ್ನು ಮಾಡಿಸುವುದು. ದಯವಿಟ್ಟು ಓದಿ ಮನೆಯಲ್ಲಿ ಪ್ರಯೋಗ ಮಾಡಬೇಡಿ.

"ತಲೆ ತಿರುಗಿ ಬಿದ್ದುಬಿಡುತ್ತೇನೆ" ಎಂಬ ಭಯ ಅನೇಕರಿಗೆ. ಮೂರ್ಛೆ ಹೋಗಲು ರಕ್ತದೊತ್ತಡ ಇಳಿಯಬೇಕು, ಗಾಬರಿಯಲ್ಲಿ ಅದು ಏರುತ್ತದೆ. ರಕ್ತ, ಸೂಜಿ ನೋಡಿ ಬೀಳುವವರ ವಿಷಯ ಬೇರೆ.

ತುಂಗಾತೀರ ಅವರೇ, ಒಂದು ಪ್ರಶ್ನೆ. ಮನೆಯಿಂದ ಹೊರಡುವಾಗ ಈಗ ಜೇಬಿನಲ್ಲಿ, ಚೀಲದಲ್ಲಿ ಏನೇನು ಇಟ್ಟುಕೊಳ್ಳುತ್ತೀರಿ?

ತುಂಗಾತೀರ · ಜನವರಿ 12, ರಾತ್ರಿ 11:15

ಹೇಗೆ ಗೊತ್ತಾಯಿತು ಮೇಡಂ? ನೀರಿನ ಬಾಟಲಿ. ನಿಂಬೆಹಣ್ಣು, ಘಾಟಿಯಲ್ಲಿ ಮೂಸಲು ತಂದದ್ದು, ಈಗ ಕಚೇರಿಗೂ ಒಯ್ಯುತ್ತೇನೆ. ಅತ್ತೆಯ ತಾಯತ. ಮತ್ತೆ ಷರಟಿನ ಜೇಬಿನಲ್ಲಿ ಸಾರ್ಬಿಟ್ರೇಟ್ ಮಾತ್ರೆ, ನಾಲಿಗೆಯ ಕೆಳಗೆ ಇಡುವುದು. ಅಣ್ಣನಿಗೆ ಬರೆದುಕೊಟ್ಟದ್ದರಲ್ಲಿ ಒಂದು ಎಲೆ ಕತ್ತರಿಸಿಕೊಂಡಿದ್ದೇನೆ. ಎರಡು ಸಲ ಇಟ್ಟುಕೊಂಡೂ ಇದ್ದೇನೆ. ತಲೆನೋವು ಬಂತು, ಎದೆ ಇನ್ನೂ ಜೋರಾಯಿತು.

ರಾತ್ರಿಪಾಳಿ · ಜನವರಿ 13, ಬೆಳಿಗ್ಗೆ 5:50

ಅಣ್ಣ, ಆ ಮಾತ್ರೆಯನ್ನು ಇವತ್ತೇ ಅಣ್ಣನ ಡಬ್ಬಿಗೆ ವಾಪಸ್ ಹಾಕಿ. ಅದು ರಕ್ತನಾಳ ಹಿಗ್ಗಿಸಿ ರಕ್ತದೊತ್ತಡ ಇಳಿಸುತ್ತದೆ. ಇಳಿದದ್ದನ್ನು ಸರಿದೂಗಿಸಲು ಹೃದಯ ಇನ್ನೂ ಜೋರಾಗಿ ಬಡಿಯುತ್ತದೆ. ನೀವು ಮೇಲೆ ಹೇಳಿದ್ದು ಅದೇ. ಇನ್ನೊಬ್ಬರಿಗೆ ಬರೆದ ಹೃದಯದ ಮಾತ್ರೆ ಪೆಪ್ಪರಮೆಂಟಲ್ಲ.

ಹಾಗೆಯೇ ಔಷಧದಂಗಡಿಯವನು ಪರಿಚಯದ ಮೇಲೆ ಕೊಡುವ ಅಲ್ಪ್ರಜೋಲಾಂ ಎಂಬ ಆತಂಕ ಇಳಿಸುವ ಮಾತ್ರೆ. ಕೂಡಲೇ ಹಾಯೆನಿಸುತ್ತದೆ, ವಾರಗಟ್ಟಲೆ ತೆಗೆದುಕೊಂಡರೆ ಅದಿಲ್ಲದೆ ಆಗುವುದಿಲ್ಲ. ಆಗಲೇ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಹಠಾತ್ತನೆ ನಿಲ್ಲಿಸಲೂ ಬೇಡಿ, ಅದು ಇನ್ನೂ ಅಪಾಯ. ಮನೋವೈದ್ಯರನ್ನು ಕೇಳಿ ಹಂತಹಂತವಾಗಿ ಇಳಿಸಬೇಕು.

ಮಾತುಮನೆ · ಜನವರಿ 13, ಬೆಳಿಗ್ಗೆ 8:10

ರಾತ್ರಿಪಾಳಿ ಅವರು ಹೇಳಿದ್ದಕ್ಕೆ ನನ್ನ ಸಹಿಯೂ ಇದೆ. ಔಷಧವೇ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. ಇದಕ್ಕೆ ಕೆಲಸ ಮಾಡುವ, ಚಟ ಹಿಡಿಸದ ಮಾತ್ರೆಗಳನ್ನು ಮನೋವೈದ್ಯರು ಬರೆಯುತ್ತಾರೆ. ಕೆಲವರಿಗೆ ಮಾತ್ರೆ ಸಾಕು, ಕೆಲವರಿಗೆ ಚಿಕಿತ್ಸೆ ಸಾಕು, ಕೆಲವರಿಗೆ ಎರಡೂ ಬೇಕು.

ಜೇಬು ಏಕೆ ಕೇಳಿದೆ ಎಂದರೆ, ಬದುಕಿದ ಪುಣ್ಯವೆಲ್ಲ ನಿಂಬೆಹಣ್ಣಿಗೆ ಹೋಗುತ್ತಿದೆ. "ಅದು ಇತ್ತು, ಅದಕ್ಕೆ ಏನೂ ಆಗಲಿಲ್ಲ." ಅದು ಇಲ್ಲದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ನಿಮಗೆ ಸಿಗುತ್ತಿಲ್ಲ. ಪ್ರಾಣಾಯಾಮದ ಬಗ್ಗೆ ಕೇಳುವವರಿಗೂ ಇದೇ ಉತ್ತರ. ಉಸಿರನ್ನು ನಿಧಾನವಾಗಿ, ಉದ್ದವಾಗಿ ಹೊರಬಿಟ್ಟಾಗ ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರ ಹೃದಯದ ಲಗಾಮು ಎಳೆಯುತ್ತದೆ, ನಿಜ. ದಿನವೂ ಮಾಡಿ, ಒಳ್ಳೆಯದು. ಆದರೆ "ಈಗ ಉಸಿರು ಸರಿಮಾಡದಿದ್ದರೆ ಸತ್ತೆ" ಎಂದು ಗಾಬರಿಯ ನಡುವೆ ಮೂಗು ಹಿಡಿದು ಕೂತರೆ ಅದೂ ಇನ್ನೊಂದು ನಿಂಬೆಹಣ್ಣು.

ಮೈನ್ ದಂಡೆ · ಜನವರಿ 13, ಮಧ್ಯಾಹ್ನ 1:35

ಫ್ರಾಂಕ್‌ಫರ್ಟ್‌ನಿಂದ, ಊರು ಶಿರಸಿ. ನನಗಾದದ್ದು ಗಾಬರಿಯಲ್ಲ, ಅದರ ನಿಧಾನದ ಅಣ್ಣ: ಕೆಲಸ ಹೋಗುವ ಭಯದಲ್ಲಿ ಎರಡು ವರ್ಷ ನಿದ್ದೆಯಿಲ್ಲ, ಕತ್ತು ಕಲ್ಲಾಗಿತ್ತು, ಊಟ ಮಾಡಿದ ಕೂಡಲೇ ಶೌಚಾಲಯ. ಇಲ್ಲಿ ಇಂಗ್ಲಿಷ್ ಬಲ್ಲ ಥೆರಪಿಸ್ಟ್ ಸಿಕ್ಕರು. ನಾನು ಇಂಗ್ಲಿಷಿನಲ್ಲಿ ಎಷ್ಟು ಅಚ್ಚುಕಟ್ಟಾಗಿ ಮಾತಾಡುತ್ತಿದ್ದೆನೆಂದರೆ ನನಗೇನೂ ತೊಂದರೆಯೇ ಇಲ್ಲ ಎನಿಸುತ್ತಿತ್ತು. ಒಂದು ದಿನ ಆಕೆ "ನಿಮ್ಮ ಭಾಷೆಯಲ್ಲಿ ಇದಕ್ಕೆ ಏನೆನ್ನುತ್ತೀರಿ, ನನಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಹೇಳಿ" ಎಂದರು. "ಸಂಕಟ" ಎಂದೆ. ಎಲ್ಲಿ ಎಂದು ಕೇಳಿದರು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅಂದು ಮೊದಲ ಸಲ ಅತ್ತುಬಿಟ್ಟೆ.

ಆಮೇಲೆ ಯೋಚಿಸಿದೆ. ಸಂಕಟ ಎಂದರೆ ಅಜೀರ್ಣಕ್ಕೂ ಅದೇ, ದುಃಖಕ್ಕೂ ಅದೇ. ಹೊಟ್ಟೆಯುರಿ ಮತ್ಸರ, ಕರುಳು ಚುರ್ರೆಂದರೆ ಕರುಣೆ, ಎದೆಗಾರಿಕೆ ಧೈರ್ಯ, ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರೆ ಕ್ಷಮೆ. ಮನಸ್ಸು ಬೇರೆ, ಮೈ ಬೇರೆ ಎಂದು ನಮ್ಮ ಅಜ್ಜಿಯಂದಿರ ಕನ್ನಡ ಎಂದೂ ಹೇಳಿರಲಿಲ್ಲ. "ಎಲ್ಲ ಮನಸ್ಸಿನಲ್ಲಿದೆ" ಎಂಬ ಮಾತು ಎಲ್ಲಿಂದ ಬಂತೋ. ಈಗ ವೀಡಿಯೋ ಮೂಲಕ ಬೆಂಗಳೂರಿನವರೊಬ್ಬರ ಜೊತೆ ಕನ್ನಡದಲ್ಲೇ ಮುಂದುವರಿಸುತ್ತಿದ್ದೇನೆ.

ಹಳೇ ಮೇಷ್ಟ್ರು · ಜನವರಿ 13, ಸಂಜೆ 4:00

ಸಂಕಟಕ್ಕೆ ಹತ್ತು ಅಂಕ. ನನ್ನ ಪಠ್ಯದಲ್ಲಿ ಇದು ಇರಲಿಲ್ಲ.

ಬೆಣ್ಣೆನಗರಿ · ಜನವರಿ 13, ಸಂಜೆ 6:45

ಎಲ್ಲ ಸರಿ. ಫ್ರಾಂಕ್‌ಫರ್ಟ್‌ನವರಿಗೆ ದುಡ್ಡಿದೆ, ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ತಾಲೂಕಿನಲ್ಲಿರುವವನು ಎಲ್ಲಿಗೆ ಹೋಗಬೇಕು? ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಬಸ್ಸೇ ಹತ್ತಲಾಗದವನು? ಇದಕ್ಕೆ ಉತ್ತರ ಹೇಳಿ, ನಾನು ಬಾಯಿ ಮುಚ್ಚುತ್ತೇನೆ.

ಮಾತುಮನೆ · ಜನವರಿ 13, ರಾತ್ರಿ 10:05

ಈ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ ಬೆಣ್ಣೆನಗರಿ ಅವರೇ, ನೀವು ಕೇಳಿದ್ದು ನ್ಯಾಯ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗಿದ್ದರು. ಹಳ್ಳಿಯ ಕಡೆಗೆ ಈ ಸೇವೆ ಒಯ್ಯುವ ಜಿಲ್ಲಾ ಮಾದರಿ ದೇಶದಲ್ಲಿ ಮೊದಲು ರೂಪುಗೊಂಡದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಅಲ್ಲಿಂದ ಇಲ್ಲಿಯವರೆಗೆ ನಡೆದದ್ದು ಸಾಲದು.

ಇದ್ದುದರಲ್ಲಿ ಏನಿದೆ ಎಂದರೆ: 14416ಕ್ಕೆ ಕರೆ ಮಾಡಬಹುದು, ಅದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮ ತಾಲೂಕಿನ ದಿನ ಯಾವುದೆಂದು ಆಶಾ ಕಾರ್ಯಕರ್ತೆಯರನ್ನು ಕೇಳಿ. ಖಾಸಗಿಯಾಗಿ ಹೋಗುವವರು, ಎದುರಿಗಿರುವವರು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬರೆದುಕೊಂಡಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಸಂಕೋಚ ಬೇಡ. ಆರು ವಾರದ ಆನ್‌ಲೈನ್ ಕೋರ್ಸ್ ಮಾಡಿ ಬೋರ್ಡು ಹಾಕಿದವರು ಬೇಕಾದಷ್ಟಿದ್ದಾರೆ. ಗಾಬರಿಗೆ ಸಾಮಾನ್ಯವಾಗಿ 8ರಿಂದ 14 ಭೇಟಿ. ವರ್ಷಗಟ್ಟಲೆ ಬಾ ಎನ್ನುವವರನ್ನು ಏಕೆ ಎಂದು ಕೇಳಿ.

ಬೆಣ್ಣೆನಗರಿ · ಜನವರಿ 13, ರಾತ್ರಿ 10:20

ಬಾಯಿ ಮುಚ್ಚಿದ್ದೇನೆ. ಒಂದೂವರೆ ಸಾವಿರ ಮಾತ್ರ ಈಗಲೂ ಹೆಚ್ಚೇ.

ತುಂಗಾತೀರ · ಫೆಬ್ರವರಿ 20, ರಾತ್ರಿ 9:30

ಥೆರಪಿಸ್ಟ್ ಜೊತೆ ಐದು ಭೇಟಿ ಆಯಿತು. ಶಿವಮೊಗ್ಗಕ್ಕೆ ಮೊದಲೆರಡು ಸಲ ಭಾವಮೈದುನನ ಕಾರಿನಲ್ಲಿ ಹೋದೆ. ಮೊದಲ ದಿನ ನಿರಾಸೆಯಾಯಿತು, ನಿಜ ಹೇಳುತ್ತೇನೆ. ಏನೋ ರಹಸ್ಯ ಹೇಳುತ್ತಾರೆ ಎಂದುಕೊಂಡಿದ್ದೆ, ನೋಟ್‌ಬುಕ್ ಕೊಟ್ಟು ಲೆಕ್ಕ ಬರೆಯಲು ಹೇಳಿದರು. ಎಲ್ಲಿ, ಎಷ್ಟು ಹೊತ್ತಿಗೆ, ಮೊದಲು ಮೈಯಲ್ಲಿ ಏನು, ಆಮೇಲೆ ತಲೆಯಲ್ಲಿ ಏನು, ನೂರಕ್ಕೆ ಎಷ್ಟು ಭಯ. ಲೆಕ್ಕ ಬರೆಯುವುದು ನನ್ನ ವೃತ್ತಿ, ಅದರಲ್ಲಿ ಸೋಲಲಿಲ್ಲ. ಮೂರು ವಾರದ ಪುಟ ಒಟ್ಟಿಗೆ ನೋಡಿದಾಗ ನಾನೇ ದಂಗಾದೆ. ಆರರಲ್ಲಿ ಐದು ಸಲ ಹನ್ನೊಂದೂವರೆಯ ಹೊತ್ತು. ಬೆಳಿಗ್ಗೆ ತಿಂಡಿ ಬಿಟ್ಟು ಮೂರನೆಯ ಕಾಫಿ ಕುಡಿದ ಮೇಲೆ.

ಇನ್ನೊಂದು ವಿಷಯವೂ ಬಂತು. ಅಪ್ಪ ತೀರಿಕೊಂಡದ್ದು ಹೃದಯಾಘಾತದಿಂದ, ಅವರಿಗೆ ಆಗ 43. ಇದನ್ನು ನಾನು ಇಲ್ಲಿ ಬರೆದಿರಲಿಲ್ಲ. ಡಾಕ್ಟರಿಗೂ "ಕುಟುಂಬದಲ್ಲಿ ಇದೆ" ಎಂದಷ್ಟೇ ಹೇಳಿದ್ದೆ. ಅಪ್ಪನಿಗೆ ಆಗ ವಯಸ್ಸು ಎಷ್ಟು ಎಂದು ಥೆರಪಿಸ್ಟ್ ಕೇಳಿದಾಗ ಬಾಯಿಂದ ಸಂಖ್ಯೆ ಹೊರಟ ಮೇಲೆ ನನ್ನ ಕಿವಿಗೆ ಬಿತ್ತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಸ್ಟ್ರಾ ಪರೀಕ್ಷೆಯೂ ಆಯಿತು. ಹದಿನೆಂಟು ಸೆಕೆಂಡಿಗೆ ಕಿತ್ತೆಸೆದೆ. ನಾಲ್ಕನೆಯ ಸಲ ಒಂದು ನಿಮಿಷ. ಸಾರ್ಬಿಟ್ರೇಟ್ ವಾಪಸ್ ಕೊಟ್ಟೆ. ನೀರಿನ ಬಾಟಲಿ ಬಿಟ್ಟೆ. ತಾಯತ ಅತ್ತೆಯ ಸಮಾಧಾನಕ್ಕೆ ಇರಲಿ ಎಂದರು, ಅದನ್ನು ನಾನು ಗಾಬರಿಯಲ್ಲಿ ಮುಟ್ಟಿಕೊಳ್ಳುವುದಿಲ್ಲವಾದ್ದರಿಂದ. ನಿಂಬೆಹಣ್ಣು ಇನ್ನೂ ಜೇಬಿನಲ್ಲಿದೆ.

ರಾತ್ರಿಪಾಳಿ · ಫೆಬ್ರವರಿ 21, ಬೆಳಿಗ್ಗೆ 6:05

ಅಣ್ಣ, 43 ಎಂದು ಓದಿ ನಾನೂ ಸುಮ್ಮನಾದೆ. ವರ್ಷಕ್ಕೊಮ್ಮೆ ಕೊಲೆಸ್ಟರಾಲ್, ಬಿಪಿ, ಸಕ್ಕರೆ ನೋಡಿಸುವುದನ್ನು ಮಾತ್ರ ಬಿಡಬೇಡಿ. ಅದು ಗಾಬರಿಯ ಲೆಕ್ಕಕ್ಕೆ ಸೇರುವುದಿಲ್ಲ, ಅಪ್ಪನ ಲೆಕ್ಕಕ್ಕೆ ಸೇರುತ್ತದೆ. ಎಲೆಅಡಿಕೆಯಲ್ಲಿ ತಂಬಾಕು ಇದ್ದರೆ ಅದನ್ನೂ ಬಿಡಿ.

ತುಂಗಾತೀರ · ಏಪ್ರಿಲ್ 6, ರಾತ್ರಿ 10:40

ಇವತ್ತು ಉಡುಪಿಗೆ ಹೋಗಿದ್ದೆ. ಬಸ್ಸಿನಲ್ಲಿ.

ಅದಕ್ಕೂ ಮೊದಲು ಮೆಟ್ಟಿಲು ಮೆಟ್ಟಿಲಾಗಿ ಮಾಡಿಸಿದ್ದರು. ನಿಂತ ಬಸ್ಸಿನಲ್ಲಿ ಹತ್ತು ನಿಮಿಷ, ಆಮೇಲೆ ಕೊಪ್ಪದವರೆಗೆ, ಆಮೇಲೆ ಆಗುಂಬೆಯವರೆಗೆ ಹೋಗಿ ವಾಪಸ್. ಕೊಪ್ಪದ ಬಸ್ಸಿನಲ್ಲಿ ಒಂದು ಸಲ ಸೋತು ನಡುವೆ ಇಳಿದೆ, ಎರಡು ಕಿಲೋಮೀಟರು ನಡೆದೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

ಇವತ್ತು ಏಳನೆಯ ತಿರುವಿನಲ್ಲಿ ಬಸ್ಸು ನಿಂತಿತು, ಎದುರಿಗೆ ಕಾರುಗಳ ಸಾಲು. ಎದೆ ಶುರುಮಾಡಿತು. ನೂರಕ್ಕೆ ಎಪ್ಪತ್ತು ಎಂದು ಮನಸ್ಸಿನಲ್ಲೇ ಬರೆದೆ. ಓಡುವುದಾದರೆ ಓಡು, ನಾನು ಇಲ್ಲೇ ಕೂತಿರುತ್ತೇನೆ ಎಂದು ಎದೆಗೆ ಹೇಳಿದೆ (ಮೇಷ್ಟ್ರೇ, ನಿಮ್ಮಿಂದ ಕದ್ದದ್ದು). ಅಷ್ಟರಲ್ಲಿ ಮುಂದಿನ ಸೀಟಿನ ಮಗು ಓಕರಿಸಲು ಹಿಡಿಯಿತು. ತಾಯಿ ಚೀಲವೆಲ್ಲ ತಡಕಾಡಿ ಹಿಂದೆ ತಿರುಗಿ "ಅಣ್ಣಾ, ನಿಂಬೆಹಣ್ಣು ಏನಾದರೂ ಇದೆಯೇ?" ಎಂದರು. ಕೊಟ್ಟೆ. ಕೊಟ್ಟ ಮೇಲೆ ಜೇಬು ಮುಟ್ಟಿ ನೋಡಿಕೊಂಡೆ, ಏನೂ ಇಲ್ಲ. ಎಂಬತ್ತಕ್ಕೆ ಹೋಯಿತು. ಬಸ್ಸು ಹೊರಟಿತು. ಮಗು ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿತ್ತು. ಹತ್ತನೆಯ ತಿರುವಿನಿಂದಾಚೆ ಅಂಕ ಹಾಕುವುದು ಮರೆತುಹೋಯಿತು, ನೆನಪಾದದ್ದು ಸೋಮೇಶ್ವರದಲ್ಲಿ. ಇಳಿಯುವಾಗ ಆಕೆ ಹಣ್ಣನ್ನು ವಾಪಸ್ ಚಾಚಿದರು. ಮಗುವಿಗೇ ಇರಲಿ ಎಂದೆ.

ಮಗಳು ಯಾರ ಕಾರಿನಲ್ಲಿ ಬಂದಿರಿ ಎಂದು ಕೇಳಿದಳು. ಟಿಕೆಟ್ ತೋರಿಸಿದೆ. ನಾಳೆ ಹತ್ತುವ ಕಡೆಯ ಹದಿನಾಲ್ಕು ತಿರುವು ಬಾಕಿ ಇದೆ.

ಮಾತುಮನೆ · ಏಪ್ರಿಲ್ 6, ರಾತ್ರಿ 11:00

ಟಿಕೆಟನ್ನು ನೋಟ್‌ಬುಕ್ಕಿಗೆ ಅಂಟಿಸಿ. ಮುಂದೆ ಯಾವಾಗಲಾದರೂ ಮತ್ತೆ ಒಂದು ದಿನ ನೂರಕ್ಕೆ ನೂರು ಬಂದೀತು. ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಕಲಿಕೆ ಕೂರುತ್ತದೆ ಅಷ್ಟೇ. ಆ ದಿನ ಮೊದಲ ಪುಟದಿಂದ ಓದಿಕೊಳ್ಳಿ.

ಬೆಣ್ಣೆನಗರಿ · ಏಪ್ರಿಲ್ 7, ರಾತ್ರಿ 12:25

ತುಂಗಾತೀರ ಅವರಿಗೆ ಅಭಿನಂದನೆ. ರಾತ್ರಿಪಾಳಿ ಮೇಡಂ, ಎದ್ದಿದ್ದರೆ ಒಂದು ಮಾತು ಹೇಳಿ. ಆ 14416ಕ್ಕೆ ಇಷ್ಟು ಹೊತ್ತಿಗೆ ಮಾಡಿದರೂ ಎತ್ತುತ್ತಾರೆಯೇ? ನಮ್ಮ ಮನೆಯಲ್ಲಿ ಒಬ್ಬರಿಗೆ ಬೇಕಾಗಿತ್ತು.

ರಾತ್ರಿಪಾಳಿ · ಏಪ್ರಿಲ್ 7, ರಾತ್ರಿ 12:31

ಎತ್ತುತ್ತಾರೆ, ಇಪ್ಪತ್ನಾಲ್ಕು ಗಂಟೆಯೂ. ಮೊದಲು ಭಾಷೆ ಕೇಳುತ್ತದೆ, ಕನ್ನಡ ಆರಿಸಿಕೊಳ್ಳಿ. ನಾನು ಪಾಳಿಯಲ್ಲೇ ಇದ್ದೇನೆ, ಮಾತಾಡಿದ ಮೇಲೆ ಇಲ್ಲಿ ಬರೆಯಿರಿ.